ಸಂಗ್ರಹವೂ ಸಂಗ್ರಹವ್ಯಾಧಿಯೂ

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೂಡಿಡುವುದು ಗೃಹಸ್ಥಧರ್ಮದ ಒಂದು ಅಂಗವೆಂದೇ ನಮ್ಮ ಹಿರಿಯರು ಬಗೆದಿದ್ದರು. ಮಳೆಗಾಲಕ್ಕೆಂದು ಸೌದೆ, ಮುಂದಿನ ಬಿತ್ತನೆಗೆಂದು ಬೀಜ, ಆಪತ್ಕಾಲಕ್ಕೆಂದು ನಾಲ್ಕು ಕಾಸು ಕೂಡಿಡದಿದ್ದರೆ ಸಂಸಾರ ಸಾಗದು. ಊರನ್ನು ಬಿಟ್ಟು ಈ ಮುಂಬಯಿಗೆ ಬಂದು ನೆಲಸಿದ ನಮ್ಮವರ ಮನೆಗಳಲ್ಲಿಯೂ ಈ ಗುಣ ಉಳಿದುಬಂದಿದೆ. ಬರಿದಾದ ಎಣ್ಣೆಯ ಡಬ್ಬಿ ಅಕ್ಕಿಯ ಡಬ್ಬಿಯಾಗುತ್ತದೆ. ಹಳೆಯ ಸೀರೆ ಕೌದಿಯಾಗುತ್ತದೆ. ಓದಿ ಮುಗಿಸಿದ ಪತ್ರಿಕೆ ತಿಂಗಳ ಕೊನೆಯಲ್ಲಿ ರದ್ದಿಯವನ ತಕ್ಕಡಿಯನ್ನೇರುತ್ತದೆ. ಇದು ಮಿತವ್ಯಯ, ಸದ್ಗುಣ. ಆದರೆ ಇದೇ ಗುಣದ ವೇಷವನ್ನು ತೊಟ್ಟು ಬರುವ ಒಂದು ವ್ಯಾಧಿಯುಂಟು. ಅದರ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ನಿಜಸಂಗತಿಯನ್ನು ನೋಡೋಣ. ಅಮೆರಿಕದ ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿ, ಐದನೆಯ ಅವೆನ್ಯೂ ಮತ್ತು 128ನೆಯ ಬೀದಿ ಕೂಡುವ ಮೂಲೆಯ ಮನೆಯೊಂದರಲ್ಲಿ ಕಾಲಿಯರ್ ಎಂಬ ಕುಟುಂಬ 1909 ರಿಂದ ವಾಸವಾಗಿತ್ತು. ತಂದೆ ವೈದ್ಯರು. ಹಿರಿಯ ಮಗ ಹೋಮರ್ ನ್ಯಾಯಶಾಸ್ತ್ರ ಪಾರಂಗತ; ಕಿರಿಯ ಮಗ ಲ್ಯಾಂಗ್ಲಿ ಪಿಯಾನೋ ವಾದಕ. ವಿದ್ಯೆಗಾಗಲಿ ಧನಕ್ಕಾಗಲಿ ಆ ಮನೆಯಲ್ಲಿ ಕೊರತೆಯಿರಲಿಲ್ಲ. 1923 ರಲ್ಲಿ ತಂದೆಯೂ 1929 ರಲ್ಲಿ ತಾಯಿಯೂ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರೇ ಉಳಿದರು. 1933 ರಲ್ಲಿ ಹೋಮರನ ಕಣ್ಣು ಹೋಯಿತು; ಮುಂದೆ ಕೈಕಾಲುಗಳೂ ಸ್ವಾಧೀನ ತಪ್ಪಿದವು. ಲ್ಯಾಂಗ್ಲಿ ಅಣ್ಣನ ಸೇವೆಗೆ ನಿಂತನು. ವಾರಕ್ಕೆ 100 ಕಿತ್ತಳೆ ಹಣ್ಣುಗಳನ್ನು ತಿನ್ನಿಸಿದರೆ ದೃಷ್ಟಿ ಮರಳುವುದೆಂದು ಆತನ ನಂಬುಗೆ. ದೃಷ್ಟಿ ಮರಳಿದ ದಿನ ಅಣ್ಣನು ಓದಲೆಂದು ವೃತ್ತಪತ್ರಿಕೆಗಳನ್ನೆಲ್ಲ ಕಟ್ಟಿಕಟ್ಟಿ ಇಟ್ಟನು.

ಪತ್ರಿಕೆಗಳೊಂದಿಗೆ ಬೀದಿಯಲ್ಲಿ ಸಿಕ್ಕಿದ ವಸ್ತುಗಳೂ ಒಳಗೆ ಬಂದವು. ದೀಪ, ನೀರು, ಅನಿಲಗಳ ಸಂಪರ್ಕ ತಪ್ಪಿತು. ಲ್ಯಾಂಗ್ಲಿ ರಾತ್ರಿಯ ಹೊತ್ತು ಹೊರಟು ಉದ್ಯಾನದಿಂದ ನೀರು ಹೊತ್ತು ತರುತ್ತಿದ್ದನು. ಮನೆಯೊಳಗೆ ಹೊಲಸು ತುಂಬಿತು. ಒಳಗೆ ಭಾರಿ ನಿಧಿಯಿದೆಯೆಂಬ ವದಂತಿ ಹಬ್ಬಿತು. ಕಳ್ಳರು ಬಾಗಿಲನ್ನು ಮುರಿಯಲು ಬಂದರು, ಹುಡುಗರು ಕಿಟಕಿಗಳಿಗೆ ಕಲ್ಲೆಸೆದರು. ಸೋದರರು ಕಿಟಕಿಗಳಿಗೆ ಹಲಗೆ ಬಡಿದರು. ಲ್ಯಾಂಗ್ಲಿ ಕಟ್ಟುಗಳ ನಡುವೆ ಸುರಂಗದಂಥ ಹಾದಿಗಳನ್ನು ಮಾಡಿ, ಒಳನುಗ್ಗುವವರ ಮೇಲೆ ಸಾಮಾನು ಕುಸಿದು ಬೀಳುವಂತೆ ಬಲೆಗಳನ್ನು ಹೂಡಿದನು.

1947ನೆಯ ಮಾರ್ಚ್ 21 ರಂದು ಸುದ್ದಿ ತಿಳಿದು ಬಂದ ಪೊಲೀಸರಿಗೆ ಬಾಗಿಲಿನಿಂದ ಒಳಹೋಗಲು ಸಾಧ್ಯವಾಗಲಿಲ್ಲ. ಮೇಲಂತಸ್ತಿನ ಕಿಟಕಿಯಿಂದ ಇಳಿದು ನೋಡಿದಾಗ ಹೋಮರ್ ಕುಳಿತಲ್ಲಿಯೇ ಮೃತನಾಗಿದ್ದನು. ಅನ್ನವಿಲ್ಲದೆ ದೇಹ ಕೃಶವಾಗಿತ್ತು. ಲ್ಯಾಂಗ್ಲಿ ಎಲ್ಲಿ? ಬೇರೆ ರಾಜ್ಯಗಳಲ್ಲಿಯೂ ಹುಡುಕಿದರು. ಏಪ್ರಿಲ್ 8 ರಂದು, ಅಣ್ಣನು ಕುಳಿತಿದ್ದ ಜಾಗದಿಂದ ಸುಮಾರು 10 ಅಡಿ ದೂರದಲ್ಲಿ, ಕಾಗದದ ರಾಶಿಯ ಅಡಿಯಲ್ಲಿ ಆತನ ದೇಹ ದೊರೆಯಿತು. ಅಣ್ಣನಿಗೆ ಆಹಾರ ಒಯ್ಯುವಾಗ ತಾನೇ ಹೂಡಿದ ಬಲೆಗೆ ಸಿಲುಕಿ ಆತನು ಮೊದಲು ಮಡಿದಿದ್ದನು. ಕಣ್ಣಿಲ್ಲದ, ನಡೆಯಲಾರದ ಅಣ್ಣನು ಆಮೇಲೆ. ಆ ಮನೆಯಿಂದ ಹೊರತೆಗೆದ ಸಾಮಾನು 120 ಟನ್ನಿಗೂ ಮಿಗಿಲು. ಅದರಲ್ಲಿ 14 ಪಿಯಾನೋಗಳೂ ಸಾವಿರಾರು ಪುಸ್ತಕಗಳೂ ಒಂದು ಮೋಟಾರು ಗಾಡಿಯ ಅಡಿಗಟ್ಟೂ ಇದ್ದವು. ಉಳಿಸಿಕೊಳ್ಳಬಹುದಾದ ಸಾಮಾನನ್ನು ಹರಾಜು ಹಾಕಿದಾಗ ಬಂದದ್ದು 2,000 ಡಾಲರಿಗೂ ಕಡಿಮೆ. ಜನ ಆಡಿಕೊಂಡಿದ್ದ ನಿಧಿ ಅಲ್ಲಿರಲಿಲ್ಲ.

ಅಂದಿನ ಜನ ಈ ಸೋದರರನ್ನು ಹುಚ್ಚರೆಂದರು, ಜಿಪುಣರೆಂದರು. ಆ ಕಾಲಕ್ಕೆ ಈ ವ್ಯಾಧಿಗೆ ಪ್ರತ್ಯೇಕವಾದ ಹೆಸರಿರಲಿಲ್ಲ. 2013 ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಇದನ್ನು ಸ್ವತಂತ್ರ ರೋಗವೆಂದು ಸೇರಿಸಿತು. 2022 ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ.

ಇದರ ಮುಖ್ಯ ಲಕ್ಷಣಗಳು ಮೂರು. ಮೊದಲನೆಯದು, ಬೆಲೆಯುಳ್ಳದ್ದಿರಲಿ ಇಲ್ಲದ್ದಿರಲಿ, ಯಾವ ವಸ್ತುವನ್ನೂ ಬಿಸಾಡಲಾಗದಿರುವುದು. ಎರಡನೆಯದು, ಬಿಸಾಡಬೇಕಾಗಿ ಬಂದಾಗ ತೀವ್ರವಾದ ಸಂಕಟವಾಗುವುದು. ಮೂರನೆಯದು, ಅಡುಗೆಯ ಕಟ್ಟೆಯಲ್ಲಿ ಅಡುಗೆ ಮಾಡಲಾಗದಷ್ಟು, ಹಾಸಿಗೆಯಲ್ಲಿ ಮಲಗಲಾಗದಷ್ಟು ಸಾಮಾನು ತುಂಬಿಕೊಳ್ಳುವುದು.

ಇದು ಸೋಮಾರಿತನವಲ್ಲವೆಂಬುದಕ್ಕೆ ಒಂದು ಪ್ರಯೋಗದ ಸಾಕ್ಷ್ಯವಿದೆ. 2012 ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ, ಕಾಗದಗಳನ್ನು ಇಡಬೇಕೋ ಹರಿಯಬೇಕೋ ಎಂದು ರೋಗಿಗಳು ನಿರ್ಣಯಿಸುತ್ತಿರುವಾಗ ಅವರ ಮೆದುಳಿನ ಚಿತ್ರ ತೆಗೆದರು. ಕಾಗದ ಪರರದಾದಾಗ ಮೆದುಳಿನ ಕೆಲವು ಭಾಗಗಳ ಚಟುವಟಿಕೆ ಸಾಮಾನ್ಯರಿಗಿಂತ ಕಡಿಮೆಯಿತ್ತು. ತಮ್ಮ ಸ್ವಂತದ್ದಾದಾಗ ಅದೇ ಭಾಗಗಳಲ್ಲಿ ಚಟುವಟಿಕೆ ಮಿತಿಮೀರಿತು. ನಮಗೆ ಕ್ಷಣಮಾತ್ರದ ಕೆಲಸವಾದ ನಿರ್ಣಯವೇ ಅವರಿಗೆ ದೊಡ್ಡ ಹೊರೆ. ನಾಳೆ ಬೇಕಾದೀತು, ಇದರಲ್ಲಿ ತೀರಿಕೊಂಡವರ ನೆನಪಿದೆ ಎಂಬ ಭಾವನೆಗಳು ನಮಗೂ ಬರುತ್ತವೆ; ಆದರೆ ಅವರಲ್ಲಿ ಅವು ಕೈಯನ್ನೇ ಕಟ್ಟಿಹಾಕುತ್ತವೆ.

ಆದರೂ ತುಂಬಿದ ಮನೆಯನ್ನೆಲ್ಲ ರೋಗದ ಮನೆಯೆಂದು ತಿಳಿಯಲಾಗದು. ಅಂಚೆಚೀಟಿಗಳನ್ನು ಕೂಡಿಸುವವನು ಅವನ್ನು ಕ್ರಮವಾಗಿ ಅಂಟಿಸಿ, ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತಾನೆ. ಇವರಾದರೋ ನಾಚಿಕೆಯಿಂದ ಬಾಗಿಲು ಮುಚ್ಚುತ್ತಾರೆ. ನಮ್ಮ ನಗರದಲ್ಲಿ ಒಂದೇ ಕೋಣೆಯಲ್ಲಿ ಆರು ಮಂದಿ ಬಾಳುವ ಕುಟುಂಬಗಳುಂಟು. ಅಲ್ಲಿ ಅಟ್ಟದ ಮೇಲೆ ಟ್ರಂಕುಗಳು ಸೂರನ್ನು ಮುಟ್ಟಿದ್ದರೆ ಅದಕ್ಕೆ ಕಾರಣ ಸ್ಥಳದ ಅಭಾವ.

ಇಂಥವರ ವಿಷಯದಲ್ಲಿ ನಮ್ಮ ಕರ್ತವ್ಯವೇನು? ಅವರು ಮನೆಯಲ್ಲಿಲ್ಲದ ಸಮಯ ನೋಡಿ ಎಲ್ಲವನ್ನೂ ಹೊರಗೆಸೆಯುವುದು ಸುಲಭವಾದ ಉಪಾಯವೆಂದು ತೋರುತ್ತದೆ. ಅದರಿಂದ ಅವರ ನೋವು ಇಮ್ಮಡಿಸುತ್ತದೆ, ನಮ್ಮ ಮೇಲಿನ ವಿಶ್ವಾಸ ಅಳಿಯುತ್ತದೆ, ಮನೆ ಮತ್ತೆ ತುಂಬುತ್ತದೆ. ಬಾಗಿಲಿನ ಹಾದಿ, ಒಲೆಯ ಸುತ್ತಲಿನ ಜಾಗ, ದೀಪದ ತಂತಿಯ ಬಳಿ ಇವಿಷ್ಟನ್ನು ಮೊದಲು ಅವರ ಒಪ್ಪಿಗೆಯಿಂದಲೇ ತೆರವು ಮಾಡಿಸಬೇಕು. ಬೆಂಕಿಯ ಭಯ ಅಲ್ಲಿಯೇ ಹೆಚ್ಚು. ಉಳಿದುದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅವರ ಕೈಯಿಂದಲೇ ಆಯಿಸಬೇಕು. ಆಲೋಚನೆಯನ್ನೂ ಅಭ್ಯಾಸವನ್ನೂ ಮೆಲ್ಲನೆ ತಿದ್ದುವ ಚಿಕಿತ್ಸೆಯಿಂದ ಹಲವರು ಸುಧಾರಿಸಿದ್ದಾರೆ. ಸರಕಾರವು 2022 ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ವಿದ್ಯಾರ್ಥಿ ಮಿತ್ರರೇ, ಈ ವ್ಯಾಧಿಯ ಮೊದಲ ಕುರುಹುಗಳು ಅನೇಕರಲ್ಲಿ ನಿಮ್ಮ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ವರ್ಷಾಂತ್ಯದಲ್ಲಿ ನಿಮ್ಮ ಪಾಟೀಚೀಲವನ್ನು ಬರಿದುಮಾಡಿ, ಬೇಕಾದುದನ್ನು ಇಟ್ಟು ಬೇಡವಾದುದನ್ನು ಬಿಡುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಿರಿ. ಬಿಡುವಾಗ ಸಹಿಸಲಾರದ ಸಂಕಟವಾದರೆ ಹಿರಿಯರೊಡನೆ ಹೇಳಿರಿ. ಅದರಲ್ಲಿ ಅವಮಾನವೇನೂ ಇಲ್ಲ. ನಿಮ್ಮ ಬೀದಿಯಲ್ಲಿ ಅಥವಾ ನಿಮ್ಮ ಮನೆಯಲ್ಲಿಯೇ ಇಂಥ ಹಿರಿಯರೊಬ್ಬರಿದ್ದರೆ ನಗಬೇಡಿರಿ. ಹಾರ್ಲೆಮಿನ ಆ ಮನೆಯ ಕಿಟಕಿಗಳಿಗೆ ಕಲ್ಲೆಸೆದವರೂ ಹುಡುಗರೇ. ಬೀದಿಯವರಲ್ಲಿ ಒಬ್ಬರಾದರೂ ದಿನಕ್ಕೊಮ್ಮೆ ಬಾಗಿಲು ತಟ್ಟಿ ಕುಶಲ ವಿಚಾರಿಸುವಷ್ಟು ಸ್ನೇಹ ಆ ಮನೆಗೆ ಉಳಿದಿದ್ದರೆ, ಹೋಮರನಿಗೆ ಅನ್ನ ನಿಂತುಹೋದುದು ಹೊರಗಿನವರಿಗೆ ಸಕಾಲದಲ್ಲಿ ತಿಳಿಯುತ್ತಿತ್ತು.