ಛಾಪಾ ಕಾಗದಕ್ಕೆ ಸಹಿ ಹಾಕುವ ಮೊದಲು

ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರು ಕೂತು, ಛಾಪಾ ಕಾಗದದ ಮೇಲೆ ‘ಇಂದಿನಿಂದ ಸಂಬಂಧವಿಲ್ಲ’ ಎಂದು ಬರೆಸಿ ನೋಟರಿ ಮೊಹರು ಹಾಕಿಸಿಬಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರಿಗೆ ಅದು ವಿಚ್ಛೇದನವೇ ಅಲ್ಲ (ರುಜುವಾತಾದ ಕುಲಪದ್ಧತಿ ಇದ್ದರೆ ಮಾತ್ರ ಬೇರೆ ಮಾತು). ಆ ಕಾಗದ ನಂಬಿ ಮರುಮದುವೆಯಾದವರ ಮೇಲೆ ಕ್ರಿಮಿನಲ್ ಕೇಸು ಬೀಳಬಹುದು. ದಯವಿಟ್ಟು ಸಹಿ ಹಾಕಬೇಡಿ.

ಬೆಂಗಳೂರಿನ ಗಂಡನ ಮನೆ ಬಿಟ್ಟು ಮೈಸೂರಿನ ಕುವೆಂಪುನಗರದ ತವರಿಗೆ ಬಂದಿದ್ದೀರಾ? ಜೀವನಾಂಶಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ; ಈಗ ನೀವಿರುವ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, ಹಕ್ಕು ಅದೇ. ಕೇಸು ಎಳೆಯುತ್ತದೆ, ಅಷ್ಟರಲ್ಲಿ ಮಗುವಿನ ಶಾಲೆ ಫೀಸು ಕಾಯುವುದಿಲ್ಲ. ಮಧ್ಯಂತರ ಜೀವನಾಂಶವನ್ನೂ ಜೊತೆಗೇ ಕೇಳಿ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ನೆರವು ಪಡೆಯುವ ಹಕ್ಕಿದೆ. 15100ಕ್ಕೆ ಫೋನ್ ಮಾಡಿ ವಿಚಾರಿಸಿ.

ಇನ್ನು ಪೊಲೀಸ್ ದೂರಿನ ವಿಷಯ. ಪಕ್ಕದ ಮನೆಯವರ ಬೈಗುಳ, ಸಣ್ಣ ಜಗಳದ ದೂರಿಗೆ ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟು ಕಳಿಸುವುದುಂಟು. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಎಫ್‌ಐಆರ್ ಆದರೆ ದೂರುದಾರರಿಗೆ ಅದರ ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ.