ಬೀಳುವ ಮಗು ಮೈಗಳ್ಳ ಅಲ್ಲ: ಗಡಿಯಾರ ನೋಡಿ, ವಹಿಯಲ್ಲಿ ಬರೆದಿಡಿ



"ಹುಡುಗ ನಾಕು ಹೆಜ್ಜಿ ಓಡಿದ್ರ ಬೀಳ್ತಾನ, ಪಾವಟಿಗಿ ಹತ್ತು ಅಂದ್ರ ಒಲ್ಲೆ ಅಂತಾನ, ಬರೀ ಮೈಗಳ್ಳ." ಇಂಥ ಮಾತು ಮಹಾಂತೇಶ ನಗರದ ಓಣಿಯಲ್ಲೂ ಖಾನಾಪುರದ ಹಳ್ಳಿಯಲ್ಲೂ ಕಿವಿಗೆ ಬೀಳಬಹುದು. ಎಲ್ಲ ಮಕ್ಕಳೂ ಬೀಳ್ತಾರೆ, ನಿಜ. ಆದರೆ 3ರಿಂದ 5 ವರ್ಷದ ಗಂಡುಮಗು ಪದೇ ಪದೇ ಬಿದ್ದರೆ, ತುದಿಗಾಲಲ್ಲಿ ನಡೆದರೆ, ಮೀನಖಂಡ ದಪ್ಪಗೆ ಕಂಡರೆ, ನೆಲದಿಂದ ಏಳುವಾಗ ತನ್ನ ತೊಡೆಗೇ ಕೈ ಊರಿ ಎದ್ದರೆ ತಡ ಮಾಡಬೇಡಿ. ಇದು ಡುಶೆನ್ ಎಂಬ ಸ್ನಾಯುಕ್ಷಯ ಇರಬಹುದು. ಸಿ.ಪಿ.ಕೆ. ಎಂಬ ರಕ್ತಪರೀಕ್ಷೆಯಿಂದ ಮೊದಲ ಸುಳಿವು ಸಿಗುತ್ತದೆ, ಜೀನ್ ಪರೀಕ್ಷೆಯಿಂದ ಖಚಿತವಾಗುತ್ತದೆ.

ಈ ಕಾಯಿಲೆಯಲ್ಲಿ ಸ್ನಾಯುವನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ತಯಾರಾಗುವುದಿಲ್ಲ. ಇದು ಅಂಟುರೋಗ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಕೆಲವು ತಾಯಂದಿರಲ್ಲಿ ಈ ಜೀನ್ ದೋಷ ಇರುತ್ತದೆ, ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಅದು ಹೊಸದಾಗಿ ಹುಟ್ಟುತ್ತದೆ. ಆದ್ದರಿಂದ ಸೊಸೆಯನ್ನು ದೂರಬಾರದು.

ಅಳೆಯುವುದು ಹೇಗೆ?

ಉಳಿತಾಯದ ಲೆಕ್ಕ ನಾವು ಬಾಯಿಮಾತಲ್ಲಿ ಇಡುವುದಿಲ್ಲ. ಮಗುವಿನ ಶಕ್ತಿಯ ಲೆಕ್ಕವೂ ಹಾಗೇ. ಫಿಜಿಯೋಥೆರಪಿಯವರು 'ನಾರ್ತ್ ಸ್ಟಾರ್' ಎಂಬ ಅಳತೆಯಲ್ಲಿ 17 ಚಟುವಟಿಕೆ ಮಾಡಿಸಿ, 34ಕ್ಕೆ ಅಂಕ ಕೊಡುತ್ತಾರೆ. ಅವರನ್ನು ಕೇಳಿಕೊಂಡು, ಮೂರು ತಿಂಗಳಿಗೊಮ್ಮೆ ಮನೆಯಲ್ಲಿ ಇಷ್ಟು ಬರೆದಿಡಿ:

1. ನೆಲದಲ್ಲಿ ಅಂಗಾತ ಮಲಗಿದ್ದವನು ಎದ್ದು ನಿಲ್ಲಲು ಎಷ್ಟು ಸೆಕೆಂಡು?
2. ಟೇಪಿನಿಂದ ಅಳೆದ 10 ಮೀಟರ್ ದಾಟಲು ಎಷ್ಟು ಸೆಕೆಂಡು?
3. ನಾಲ್ಕು ಪಾವಟಿಗೆ ಹತ್ತಲು ಎಷ್ಟು ಸೆಕೆಂಡು? (ಒಬ್ಬರು ಪಕ್ಕದಲ್ಲೇ ಇರಲಿ.)

ಪ್ರತಿ ಸಲ ಅದೇ ಜಾಗ, ಅದೇ ಹೊತ್ತು, ಬರಿಗಾಲು. ಜ್ವರ ಬಂದ ದಿನ ಬೇಡ. ಇದು ಓಟದ ಪಂದ್ಯ ಅಲ್ಲ, ಬೈದು ಮಾಡಿಸಬೇಡಿ. ಏಳಲು 4 ಸೆಕೆಂಡು ಬೇಕಿದ್ದದ್ದು 7 ಆಯಿತು ಎಂದು ವಹಿಯಲ್ಲಿದ್ದರೆ ಡಾಕ್ಟರಿಗೆ ಬದಲಾವಣೆ ಕೂಡಲೇ ತಿಳಿಯುತ್ತದೆ. ಸ್ಟೀರಾಯ್ಡ್ ಗುಳಿಗೆ ಯಾವಾಗ, ಎಷ್ಟು ಎಂದು ನಿರ್ಧರಿಸಲು ಇಂಥ ಅಳತೆ ನೆರವಾಗುತ್ತದೆ. ಗುಳಿಗೆ ರೋಗವನ್ನು ವಾಸಿ ಮಾಡದು, ಆದರೆ ನಡೆಯುವ ದಿನಗಳನ್ನು ಹೆಚ್ಚಿಸುತ್ತದೆ. ಡಾಕ್ಟರ್ ಹೇಳದೆ ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ.

ವ್ಯಾಯಾಮ ಎಷ್ಟು?

"ಓಡಿಸಿದರೆ ಗಟ್ಟಿಯಾಗುತ್ತಾನೆ" ಎಂಬ ನಂಬಿಕೆ ಇಲ್ಲಿ ತಪ್ಪು. ಈ ಸ್ನಾಯು ಹೆಚ್ಚು ಶ್ರಮಕ್ಕೆ ಇನ್ನಷ್ಟು ಹರಿಯುತ್ತದೆ. ಜಿಗಿತ, ಭಾರ ಎತ್ತುವುದು, ಪಾವಟಿಗೆ ಮೇಲಿಂದ ಮೇಲೆ ಹತ್ತಿಳಿಯುವುದು ಬೇಡ. ಸಮತಟ್ಟಾದ ಜಾಗದಲ್ಲಿ ಆಡಲಿ, ದಣಿಯುವ ಮೊದಲೇ ಕೂಡಲಿ. ಫಿಜಿಯೋಥೆರಪಿಯವರು ತೋರಿಸಿದ ಹಾಗೆ ಮಂಡಿ ನೇರ ಇಟ್ಟು, ಹಿಮ್ಮಡಿ ಹಿಡಿದು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ, ನೋವಾಗಬಾರದು. ದಿನಾ ಮಾಡಿದರೆ ಪಾದ ಸೆಟೆಯುವುದು ನಿಧಾನವಾಗುತ್ತದೆ. ಆಟದ ನಂತರ ಮೂತ್ರ ಕರಿಚಹಾದ ಬಣ್ಣಕ್ಕೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಹೃದಯ, ಉಸಿರಾಟದ ತಪಾಸಣೆಯನ್ನೂ ತಪ್ಪಿಸಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳ ವಿಶೇಷ ತಪಾಸಣೆ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ನಾಯುಕ್ಷಯವೂ ಇದೆ. ಯು.ಡಿ.ಐ.ಡಿ. ಕಾರ್ಡಿಗೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಓಣಿಯಲ್ಲಿ ಹೀಗೆ ಬೀಳುವ ಮಗು ಇದೆಯೇ? ಆ ತಾಯಿಯ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?
2. ಆಟದ ಪಿರಿಯಡ್ಡಿನಲ್ಲಿ ಆ ಮಗುವನ್ನು ಓಡಿಸದಂತೆ, ತರಗತಿ ನೆಲಮಹಡಿಯಲ್ಲೇ ಇರುವಂತೆ ಗುರುಗಳಿಗೆ ಹೇಗೆ ತಿಳಿಸೋಣ?