ಮರಳಿ ಬಂದವರ ಲೆಕ್ಕ

ಗೋವಾದ ಮಡ್ಕಯಿಯಲ್ಲಿ ಕನ್ನಡ ಕಾಮಿಕ್ಸ್ ಮಾರಿದ್ದೇನೆ ಎಂದರೆ ನಗುವವರೇ ಹೆಚ್ಚು. ಪೋಂಡಾ ತಾಲ್ಲೂಕಿನ ಈ ಊರು ಹೊರಗಿನವರಿಗೆ ಗೊತ್ತಿರುವುದು ನವದುರ್ಗೆಯ ದೇವಸ್ಥಾನದಿಂದ. ಆದರೆ ಇಲ್ಲೊಂದು ಕೈಗಾರಿಕಾ ವಸಾಹತೂ ಇದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರಿದ್ದಾರೆ, ಅವರ ಮನೆಗಳಲ್ಲಿ ಓದುವ ಮಕ್ಕಳಿದ್ದಾರೆ. ಚಂದಮಾಮ, ಬಾಲಮಂಗಳ, ಚಂಪಕ, ಅಮರ ಚಿತ್ರಕಥೆಗಳ ಕಟ್ಟು ಬಿಚ್ಚಿ ಅಂಗಡಿಗೆ ಹಾಕುವುದು, ಉಳಿದದ್ದನ್ನು ಮತ್ತೆ ಕಟ್ಟಿ ವಾಪಸ್ ಕಳಿಸುವುದು – ಈ ಕೆಲಸದಲ್ಲಿ ಕಲಿತ ಪಾಠಗಳಿವು. ದೊಡ್ಡ ಪೇಟೆಯ ಏಜೆಂಟರಿಗೆ ಅಂಕಿ ಮಾತ್ರ ಕಾಣುತ್ತದೆ. ಸಣ್ಣ ಊರಿನವನಿಗೆ ಅಂಕಿಯ ಹಿಂದಿನ ಮುಖವೂ ಕಾಣುತ್ತದೆ.

1. ಬಂದ ಪ್ರತಿ ಬೇರೆ, ಹೋದ ಪ್ರತಿ ಬೇರೆ

ಒಂದೊಂದು ಸಂಚಿಕೆಗೂ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಬೇಕು: ಬಂದದ್ದು, ಮಾರಿದ್ದು, ಉಳಿದದ್ದು, ಖಾಲಿಯಾದ ದಿನ. ಪ್ರಕಾಶಕರು ಹೆಮ್ಮೆಯಿಂದ ಹೇಳುವ ಅಂಕಿ ಸಾಮಾನ್ಯವಾಗಿ ಮೊದಲ ಕಾಲಂನದು. ಅಮೆರಿಕದ ಕಾಮಿಕ್ಸ್ ವ್ಯಾಪಾರದಲ್ಲಿ ಈ ಗೊಂದಲ ವ್ಯವಸ್ಥೆಯೊಳಗೇ ಇದೆ. 1973ರಲ್ಲಿ ವಿತರಕ ಫಿಲ್ ಸ್ಯೂಲಿಂಗ್ ಆರಂಭಿಸಿದ ಪದ್ಧತಿಯಲ್ಲಿ ಅಂಗಡಿಯವರಿಗೆ ಹೆಚ್ಚು ರಿಯಾಯಿತಿ ಸಿಗುತ್ತದೆ, ಆದರೆ ಉಳಿದದ್ದನ್ನು ಹಿಂದಿರುಗಿಸುವಂತಿಲ್ಲ. ಹಾಗಾಗಿ ಅಲ್ಲಿ ತಿಂಗಳು ತಿಂಗಳು ಚರ್ಚೆಯಾಗುತ್ತಿದ್ದ ಪಟ್ಟಿಗಳು ಅಂಗಡಿಗೆ ಹೋದ ಪ್ರತಿಗಳ ಪಟ್ಟಿಗಳೇ ಹೊರತು ಓದುಗರ ಕೈ ಸೇರಿದ್ದರ ಲೆಕ್ಕವಾಗಿರಲಿಲ್ಲ. ನಮ್ಮಲ್ಲಿ ರಿಟರ್ನ್ ಕಟ್ಟುವುದು ಬೇಸರದ ಕೆಲಸ, ನಿಜ. ಆದರೆ ಸತ್ಯ ಇರುವುದು ಆ ಕಟ್ಟಿನಲ್ಲೇ.

2. ಮೊದಲ ಸಂಚಿಕೆಯನ್ನು ನಂಬಬೇಡಿ

ಹೊಸ ಪತ್ರಿಕೆಯ ಮೊದಲ ಸಂಚಿಕೆಯನ್ನು ಕುತೂಹಲ ಮಾರುತ್ತದೆ. ಜೊತೆಗೆ ಸ್ಟಿಕ್ಕರ್ ಇದ್ದರೆ ಸ್ಟಿಕ್ಕರ್ ಮಾರುತ್ತದೆ. ಅದು ಕಥೆಗೆ ಸಿಕ್ಕ ಮತವಲ್ಲ.

ಇದರ ಅತಿರೇಕ ನೋಡಬೇಕೆಂದರೆ 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಇದೆ. ಒಂದೇ ಕಥೆಗೆ ಐದು ಬಗೆಯ ಮುಖಪುಟ, ಅಂಗಡಿಗಳಿಗೆ ಹೋದದ್ದು 80 ಲಕ್ಷಕ್ಕೂ ಹೆಚ್ಚು ಪ್ರತಿ. ಒಬ್ಬನೇ ಗಿರಾಕಿ ಐದೂ ಕೊಂಡ. ಅಂಗಡಿಯವರು ಮುಂದೆ ಬೆಲೆ ಬರುತ್ತದೆಂದು ಪೆಟ್ಟಿಗೆಗಟ್ಟಲೆ ತುಂಬಿಟ್ಟರು. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ ಕಪ್ಪು ಚೀಲದಲ್ಲಿ ಬಂದು ಲಕ್ಷಾಂತರ ಪ್ರತಿ ಮಾರಿತು. ಚೀಲ ಒಡೆಯದೆ ಎತ್ತಿಟ್ಟವರಿಗೆ ಲೆಕ್ಕವಿಲ್ಲ. ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಬರುವುದು ಎಲ್ಲಿಂದ? ಗುಳ್ಳೆ ಒಡೆಯಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ‘ಎಕ್ಸ್-ಮೆನ್’ ಪ್ರಕಟಿಸಿದ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಮಡ್ಕಯಿಯ ಪ್ರಮಾಣ ಚಿಕ್ಕದು, ನಿಯಮ ಅದೇ: ಒಬ್ಬರೇ ಎರಡು ಪ್ರತಿ ಒಯ್ದರೆ ಅದನ್ನು ಇಬ್ಬರು ಓದುಗರೆಂದು ಬರೆಯಬಾರದು.

3. ಇಳಿಯುವುದು ಸಹಜ; ಎಷ್ಟು ಬೇಗ ಇಳಿಯುತ್ತದೆ ನೋಡಿ

ಎರಡನೇ ಸಂಚಿಕೆ ಕುಸಿದ ಕೂಡಲೇ ‘ಇದು ಓಡಲ್ಲ’ ಎಂದು ತೀರ್ಪು ಕೊಡುವವರಿದ್ದಾರೆ. ಒಂದು ಕಲ್ಪಿತ ಲೆಕ್ಕ ಹಾಕೋಣ. ಹೊಸ ಕಾಮಿಕ್ಸ್ ಒಂದರ ಮೊದಲ ಸಂಚಿಕೆ 36 ಪ್ರತಿ ಮಾರಿತು, ಎರಡನೆಯದು 22, ಮೂರನೆಯದು 19, ನಾಲ್ಕನೆಯದು 18. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಹೋಲಿಸಿದರೆ ವ್ಯಾಪಾರ ಅರ್ಧಕ್ಕೆ ಬಿದ್ದಿದೆ. ಆದರೆ ಪ್ರತಿ ಸಂಚಿಕೆಯನ್ನೂ ಅದರ ಹಿಂದಿನದಕ್ಕೆ ಹೋಲಿಸಿ: ಶೇ. 61, ಶೇ. 86, ಶೇ. 95. ಬರುವವರು ಬಂದು ಹೋದರು, ಉಳಿಯುವವರು ಉಳಿದರು. ಹದಿನೇಳು–ಹದಿನೆಂಟಕ್ಕೆ ಇದು ನೆಲೆ ನಿಲ್ಲುತ್ತದೆ, 20 ಪ್ರತಿ ತರಿಸಿದರೆ ನಷ್ಟವಿಲ್ಲ.

ಇದಕ್ಕೆ ಎದುರಾಗಿ 30, 27, 23, 18 ಎಂದು ಬಂದ ಇನ್ನೊಂದು ಪತ್ರಿಕೆಯನ್ನು ತೆಗೆದುಕೊಳ್ಳಿ. ನಾಲ್ಕನೇ ಸಂಚಿಕೆಯಲ್ಲಿ ಎರಡೂ ಒಂದೇ. ಆದರೆ ಇಲ್ಲಿ ಶೇಕಡಾವಾರು 90, 85, 78 ಎಂದು ಜಾರುತ್ತಿದೆ. ಮೊದಲನೆಯದು ನಿಂತಿದೆ, ಇದು ಇನ್ನೂ ಬೀಳುತ್ತಿದೆ. ಬರೀ ಒಂದು ಸಂಚಿಕೆಯ ಅಂಕಿ ನೋಡಿದವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

4. ಖಾಲಿಯಾದ ಸಂಚಿಕೆ ಅರ್ಧ ಮಾತು ಮಾತ್ರ ಹೇಳುತ್ತದೆ

15 ಪ್ರತಿ ಬಂದು 15ನ್ನೂ ಮಾರಿದರೆ ಸಂಭ್ರಮ ಬೇಡ. 16ನೆಯವನು ಬಂದು ಬರಿಗೈಲಿ ಹೋದನೇ? ಅದಕ್ಕೇ ಖಾಲಿಯಾದ ದಿನದ ಕಾಲಂ. ಮೂರನೇ ದಿನ ಮುಗಿದ 15ಕ್ಕೂ ಹದಿನಾಲ್ಕನೇ ದಿನ ಮುಗಿದ 15ಕ್ಕೂ ಅಜಗಜಾಂತರ. ಖಾಲಿಯಾದ ಮೇಲೆ ಕೇಳಿಕೊಂಡು ಬಂದವರಿಗೆ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದೊಂದು ಗೆರೆ ಎಳೆಯಿರಿ. ಸತತ ಎರಡು ಸಂಚಿಕೆಗೆ ಗೆರೆ ಬಿದ್ದರೆ ಆರ್ಡರ್ ಏರಿಸುವ ಹೊತ್ತು ಬಂತೆಂದೇ ಲೆಕ್ಕ.

5. ನಿಮ್ಮ ಊರಿನ ಪಂಚಾಂಗ ನೀವೇ ಬರೆಯಬೇಕು

ಹುಬ್ಬಳ್ಳಿ, ದಾವಣಗೆರೆಯ ಅಂಗಡಿಯವರಿಗೆ ಏಪ್ರಿಲ್–ಮೇ ಸುಗ್ಗಿ. ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿರುತ್ತಾರೆ, ಅಪ್ಪ–ಅಮ್ಮ ಕಾಸು ಬಿಚ್ಚುತ್ತಾರೆ. ಮಡ್ಕಯಿಯಲ್ಲಿ ತದ್ವಿರುದ್ಧ. ರಜೆ ಬಿದ್ದರೆ ಕನ್ನಡದ ಕುಟುಂಬಗಳು ಊರಿಗೆ ಹೋಗುತ್ತವೆ – ಜಾತ್ರೆ, ಮದುವೆ, ಮುಂಗಾರಿಗೆ ಮೊದಲಿನ ಹೊಲದ ಕೆಲಸ. ಅದೇ ಸಂಚಿಕೆ ಅಲ್ಲಿ ಏರುತ್ತದೆ, ಇಲ್ಲಿ ಬೀಳುತ್ತದೆ. ಶಾಲೆ ಆರಂಭವಾದ ಮೇಲೆ ನಮ್ಮ ಗಿರಾಕಿಗಳು ಮರಳುತ್ತಾರೆ. ಗಣೇಶ ಚೌತಿ ಗೋವಾದಲ್ಲಿ ದೊಡ್ಡ ಹಬ್ಬ, ಕಾರ್ಖಾನೆಗಳಿಗೂ ರಜೆ. ಆಗ ಮತ್ತೊಂದು ತಗ್ಗು. ಮುಂದೆ ಕಾರ್ತಿಕದಲ್ಲಿ ನವದುರ್ಗೆಯ ಜಾತ್ರೆಗೆ ಊರು ತುಂಬಿದರೂ ಕನ್ನಡ ಕಾಮಿಕ್ಸ್ ಅದಕ್ಕೆ ತಕ್ಕಂತೆ ಏರುವುದಿಲ್ಲ. ಮಕ್ಕಳ ಕಾಸು ಆಟಿಕೆಯ ಸಾಲಿಗೆ ಹೋಗುತ್ತದೆ.

ಹೀಗಾಗಿ ಮೇ ಸಂಚಿಕೆಯನ್ನು ಏಪ್ರಿಲ್‌ಗೆ ಹೋಲಿಸಿ ಗಾಬರಿಯಾಗುವ ಬದಲು ಹಿಂದಿನ ವರ್ಷದ ಮೇ ತಿಂಗಳಿಗೆ ಹೋಲಿಸಬೇಕು. ಕರ್ನಾಟಕದ ಒಟ್ಟು ಅಂಕಿ ನೋಡಿ ಪ್ರಕಾಶಕರು ಬೇಸಿಗೆಗೆ ಪ್ರತಿ ಹೆಚ್ಚಿಸಿ ಕಳಿಸುತ್ತಾರೆ. ನಾವು ಮಾರ್ಚ್‌ನಲ್ಲೇ ಕಾಗದ ಬರೆದು ತಗ್ಗಿಸಿಕೊಳ್ಳಬೇಕು.

6. ಮುಖಪುಟದ ದಿನಾಂಕಕ್ಕಿಂತ ಕಟ್ಟು ಬಿಚ್ಚಿದ ದಿನ ಮುಖ್ಯ

ಹುಬ್ಬಳ್ಳಿ ಕಡೆಯ ಪಾರ್ಸೆಲ್ ಅನಮೋಡ ಘಾಟ್ ಇಳಿದು ಮೊಲೆಂ ದಾಟಿ ಪೋಂಡಾಕ್ಕೆ ಬರಬೇಕು. ಮಳೆಗಾಲದಲ್ಲಿ ಘಾಟಿನಲ್ಲಿ ಮಣ್ಣು ಕುಸಿದರೆ ಪಾಕ್ಷಿಕವೊಂದು ತನ್ನ ಆಯುಸ್ಸಿನ ಅರ್ಧ ದಾರಿಯಲ್ಲೇ ಕಳೆಯುತ್ತದೆ. ಅದರ ಮಾರಾಟ ಕಡಿಮೆಯಾದರೆ ಕಥೆಯ ತಪ್ಪೇನಿಲ್ಲ. ಹೋಲಿಕೆ ನ್ಯಾಯವಾಗಿರಬೇಕೆಂದರೆ ಅಂಗಡಿಗೆ ಬಂದ ದಿನದಿಂದ ಏಳನೇ ದಿನದ ಅಂಕಿ ತೆಗೆದುಕೊಳ್ಳಿ. ಅದು ಎಲ್ಲ ಸಂಚಿಕೆಗೂ ಒಂದೇ ಅಳತೆ.

ತಡ ಒಂದು ಸಲವಾದರೆ ಓದುಗ ಕಾಯುತ್ತಾನೆ. ಪದೇಪದೇ ಆದರೆ ಅಭ್ಯಾಸ ತಪ್ಪುತ್ತದೆ, ಆ ಪೆಟ್ಟು ಮುಂದಿನ ಸಂಚಿಕೆಗಳಲ್ಲಿ ಕಾಣುತ್ತದೆ. ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಚಂದಮಾಮದ ಅಚ್ಚೂ 1998ರಲ್ಲಿ ಕಾರ್ಮಿಕ ವಿವಾದದಿಂದ ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ನಿಜ. ಆದರೆ ಮಕ್ಕಳ ಪತ್ರಿಕೆಗೆ ಒಂದು ವರ್ಷದ ಬಿಡುವು ಎಂದರೆ ಒಂದು ತರಗತಿಯಷ್ಟು ಓದುಗರು ಬೆಳೆದು ಹೋದ ಹಾಗೆ.

7. ಧಾರಾವಾಹಿಗೂ ಬಿಡಿ ಪುಸ್ತಕಕ್ಕೂ ಒಂದೇ ತಕ್ಕಡಿ ಬೇಡ

ಧಾರಾವಾಹಿ ಇರುವ ಪತ್ರಿಕೆಯಲ್ಲಿ ಸಂಚಿಕೆಯಿಂದ ಸಂಚಿಕೆಗೆ ಓದುಗನನ್ನು ಎಳೆದು ತರುವುದು ಒಂದೆರಡು ಪಾತ್ರಗಳು. ‘ಸುಧಾ’ ಬಂದ ಕೂಡಲೇ ಫ್ಯಾಂಟಮ್ ಪುಟ ತೆರೆಯುತ್ತಿದ್ದವರು, ಬಾಲಮಂಗಳದಲ್ಲಿ ಡಿಂಗನನ್ನು ಮೊದಲು ಹುಡುಕುತ್ತಿದ್ದವರು ಇದನ್ನು ಬಲ್ಲರು. ಆ ಪಾತ್ರ ಹೋದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆ ಸಾಕ್ಷಿ. 1995ರ ಆರಂಭದ ಸಂಚಿಕೆಯೊಂದು 65.3 ಲಕ್ಷ ಪ್ರತಿಯ ದಾಖಲೆ ಮುಟ್ಟಿತು. ಅದೇ ವರ್ಷ ಅದರಲ್ಲಿನ ‘ಡ್ರ್ಯಾಗನ್ ಬಾಲ್’ ಧಾರಾವಾಹಿ ಮುಗಿಯಿತು, ಮರುವರ್ಷ ‘ಸ್ಲ್ಯಾಮ್ ಡಂಕ್’. ಪ್ರಸಾರ ಇಳಿಯುತ್ತ ಹೋಯಿತು. ಆ ಪತ್ರಿಕೆಯವರು ಓದುಗರ ಅಂಚೆಕಾರ್ಡಿನಿಂದ ಯಾವ ಕಥೆ ಹಿಡಿಸಿತೆಂದು ಸಂಚಿಕೆ ಸಂಚಿಕೆಗೂ ಎಣಿಸುತ್ತಿದ್ದರು. ನಮಗೆ ಕಾರ್ಡು ಬೇಕಿಲ್ಲ. ಮಗು ಮೊದಲು ಯಾವ ಪುಟ ತೆರೆಯುತ್ತದೆ ಎಂದು ನೋಡಿದರೆ ಸಾಕು.

ಅಮರ ಚಿತ್ರಕಥೆಯ ದಾರಿ ಬೇರೆ. ಅದು ಕನ್ನಡಿಗರ ಮನೆಯದೇ ಕಥೆ: 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಇಂಡಿಯಾ ಬುಕ್ ಹೌಸ್ ಪಾಶ್ಚಾತ್ಯ ಕಥೆಗಳನ್ನು ಕನ್ನಡ ಕಾಮಿಕ್ಸ್ ಆಗಿ ತಂದಿತು. ಮೊದಲ ಹತ್ತು ಸಂಖ್ಯೆಗಳು ಅಂಥವು. ಕಾರ್ಕಳದ ಅನಂತ ಪೈ ಅವರ ಸಂಪಾದನೆಯಲ್ಲಿ ಬಂದ ‘ಕೃಷ್ಣ’ಕ್ಕೆ ಸಿಕ್ಕಿದ್ದು 11ನೇ ಸಂಖ್ಯೆ. ಇಲ್ಲಿ 40ನೇ ಪುಸ್ತಕ ಕೊಳ್ಳಲು 39 ಓದಿರಬೇಕಿಲ್ಲ. ಒಂದರ ಮಾರಾಟ ಇಳಿದರೆ ಸರಣಿ ಸೋತಿತು ಎಂದಲ್ಲ. ಹಳೆಯದೂ ವರ್ಷವಿಡೀ ಮಾರುತ್ತದೆ. ಇದನ್ನು ಸಂಖ್ಯೆಯ ಕ್ರಮದಲ್ಲಿ ಲೆಕ್ಕ ಹಾಕದೆ ಶೀರ್ಷಿಕೆಗೊಂದು ಪುಟ ಇಟ್ಟು, ಒಂದು ಶೀರ್ಷಿಕೆ ಎಷ್ಟು ದಿನಕ್ಕೊಮ್ಮೆ ಹೋಗುತ್ತದೆಂದು ಬರೆಯಬೇಕು.

8. ಸರಾಸರಿ ಹೇಳುವುದಕ್ಕಿಂತ ಮುಚ್ಚಿಡುವುದು ಹೆಚ್ಚು

1948ರಿಂದ ಇರುವ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಜನವರಿ–ಜೂನ್, ಜುಲೈ–ಡಿಸೆಂಬರ್ ಎಂದು ಆರು ತಿಂಗಳಿಗೊಮ್ಮೆ ಸರಾಸರಿ ಪ್ರಸಾರ ಪ್ರಮಾಣೀಕರಿಸುತ್ತದೆ. ಜಾಹೀರಾತುದಾರರಿಗೆ ಅದು ಸಾಕು. ಅಂಗಡಿಯವನಿಗೆ ಸಾಲದು. ದೀಪಾವಳಿ ವಿಶೇಷಾಂಕದ ಏರು ಮಿಕ್ಕ ಸಂಚಿಕೆಗಳ ಇಳಿತವನ್ನು ತುಂಬಿಕೊಟ್ಟು ಅರ್ಧ ವರ್ಷದ ಸರಾಸರಿಯನ್ನು ಇದ್ದಲ್ಲೇ ಇಡಬಹುದು. ವಿಶೇಷಾಂಕವನ್ನು ಬೇರೆ ಪುಟದಲ್ಲಿ ಬರೆಯಿರಿ, ಸಾಮಾನ್ಯ ಸಂಚಿಕೆಗಳ ಸಾಲಿಗೆ ಸೇರಿಸಬೇಡಿ.

9. ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ

‘ಹಿಂದಿನದು ಓದಿದ್ಯಾ?’ ಇಷ್ಟೇ. ಹೌದು ಎಂದರೆ ಒಂದು ಗುರುತು, ಇಲ್ಲ ಎಂದರೆ ಇನ್ನೊಂದು. ಲೈನ್ ಮನೆಗಳಲ್ಲಿ ಒಂದು ಪ್ರತಿಯನ್ನು ನಾಲ್ಕೈದು ಮಕ್ಕಳು ಓದುತ್ತಾರೆ. ಎರವಲು ಓದಿದವನೇ ಮುಂದಿನ ಸಲ ಕಾಸು ಹಿಡಿದು ಬರುವುದುಂಟು. ಆ ‘ಹೌದು’ ಕೂಡ ಲೆಕ್ಕಕ್ಕೆ ಸೇರಬೇಕು.

ಆರ್ಡರ್ ಬರೆಯುವಾಗ ನಾನು ಮೊದಲು ನೋಡುವುದು ಈ ಗುರುತುಗಳನ್ನು, ಒಟ್ಟು ಮಾರಾಟ ಆಮೇಲೆ. ಮರಳಿ ಬಂದವರ ಸಂಖ್ಯೆ ಗಟ್ಟಿಯಿದ್ದು ಒಟ್ಟು ಇಳಿದಿದ್ದರೆ ಪ್ರತಿ ಕಡಿತ ಮಾಡುವುದಿಲ್ಲ. ಹೊಸಬರ ಕಣ್ಣಿಗೆ ಬೀಳುವಂತೆ ಪತ್ರಿಕೆಯನ್ನು ಮುಂದಿನ ಸಾಲಿಗೆ ತರುತ್ತೇನೆ. ಒಟ್ಟು ಏರಿದ್ದು ಮರಳುವವರು ಕಡಿಮೆಯಾಗಿದ್ದರೆ ಎರಡು ಸಂಚಿಕೆ ಮೊದಲೇ ಪ್ರತಿ ತಗ್ಗಿಸುತ್ತೇನೆ. ಏಕೆಂದರೆ ಇಂದು ಹೊಸಬರು ಎತ್ತಿ ಹಿಡಿದ ಅಂಕಿಯನ್ನು ನಾಳೆ ಹಿಡಿಯಲು ಯಾರೂ ಇರುವುದಿಲ್ಲ.